ಬಾಡಿಗೆ ಹಲ್ಲು, ಸ್ವಂತ ಹಲ್ಲು

ಒಂದರಿಂದ ಮೂರನೇ ಕ್ಲಾಸಿನವರೆಗೆ ಪಾಠ ಮಾಡೋ ಯಾವ ಟೀಚರನ್ನಾದ್ರೂ ಕೇಳಿ ನೋಡಿ, ಹಲ್ಲಿನ ಗಲಾಟೆ ಇಲ್ಲದ ವಾರ ಅಂತ ಒಂದಿರೋದಿಲ್ಲ. ಮಗ್ಗಿ ಹೇಳ್ತಾ ಹೇಳ್ತಾ ಒಬ್ಬನ ಹಲ್ಲು ಸ್ಲೇಟಿನ ಮೇಲೆ ಬೀಳುತ್ತೆ. ಇನ್ನೊಬ್ಬಳು ಬಿಸಿಯೂಟದ ಅನ್ನದ ಜೊತೆ ಹಲ್ಲನ್ನೂ ನುಂಗಿ, ಹೊಟ್ಟೆಯೊಳಗೆ ಹಲ್ಲು ಬೆಳೆಯುತ್ತಾ ಮಿಸ್ ಅಂತ ಅಳ್ತಾ ಬರ್ತಾಳೆ. ನಾನು ಪೀಣ್ಯದ ಪಕ್ಕ ರಾಜಗೋಪಾಲನಗರದ ಸರ್ಕಾರಿ ಶಾಲೆಯಲ್ಲಿ ಇಂಥದ್ದನ್ನ ನೋಡ್ಕೊಂಡೇ ಕೂದಲು ನೆರೆಸಿಕೊಂಡವಳು. ಇದೆಲ್ಲ ನನಗೆ ಮಾಮೂಲಿ. ಆದ್ರೆ ಒಂದು ವರ್ಷ ಒಂದೇ ಒಂದು ಹಲ್ಲು ನನ್ನನ್ನ ಹುಚ್ಚು ಹಿಡಿದವಳ ಹಾಗೆ ಓಡಾಡಿಸಿತು. ಈ ಪ್ರಸಂಗಗಳೆಲ್ಲ ಆ ಹಲ್ಲಿನವು.

ಮೂರನೇ ಕ್ಲಾಸಿನಲ್ಲಿ ಬಾಗಲಕೋಟೆ ಕಡೆಯ ಒಂದು ಹುಡುಗಿ ಇದ್ದಳು. ಅಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಡ್ರಿಲ್ಲಿಂಗ್ ಮೆಷಿನ್ ನಡೆಸ್ತಿದ್ದ, ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಿದ್ದಳು. ಆ ಹುಡುಗಿ ಗಂಟಲು ಅಂದ್ರೆ ಗಂಟಲು ಕಣ್ರೀ! ಅವಳು ಮಗ್ಗಿ ಶುರು ಮಾಡಿದ್ರೆ ಪಕ್ಕದ ರೂಮಿನಲ್ಲಿದ್ದ ಹೆಡ್‌ಮಾಸ್ಟರು ಫೋನ್ ಹಿಡ್ಕೊಂಡು ಆಚೆ ಹೋಗಿಬಿಡೋರು. ಅಂಥವಳು ದಸರಾ ರಜೆ ಮುಗಿಸ್ಕೊಂಡು ಬಂದಮೇಲೆ ಬಾಯಿ ಬಿಡೋದೇ ನಿಲ್ಲಿಸಿಬಿಟ್ಟಳು. ಪ್ರಶ್ನೆ ಕೇಳಿದ್ರೆ ತಲೆ ಆಡಿಸ್ತಾಳೆ, ಮಗ್ಗಿ ಹೇಳು ಅಂದ್ರೆ ನೆಲ ನೋಡ್ತಾಳೆ. ಗದರಿದ್ದಾಯ್ತು, ಮುದ್ದು ಮಾಡಿದ್ದಾಯ್ತು. ಕೊನೆಗೆ ಕೆನ್ನೆ ಮೇಲೆ ಕೈಯಿಟ್ಕೊಂಡು, ಗಾಳಿ ತಾಗಿದ್ರ ಜುಂ ಅಂತೈತ್ರಿ ಅಕ್ಕೋರ, ಅಂದಳು. ಆ ಕಡೆ ಮಕ್ಕಳಿಗೆ ಟೀಚರ್ ಅಂದ್ರೆ ಅಕ್ಕೋರು.

ನಮ್ಮ ಬೀದಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರಮ್ಮ ಹೊಸದಾಗಿ ಕ್ಲಿನಿಕ್ ಇಟ್ಟಿದ್ದರು. ಶಾಲೆಗೆ ಕರೆಸಿ ಎಲ್ಲ ಮಕ್ಕಳ ಬಾಯನ್ನೂ ತೋರಿಸಿದೆ. ಈ ಹುಡುಗಿಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ಇದು ಹಾಲು ಹಲ್ಲಲ್ಲ, ಆರು ವರ್ಷಕ್ಕೆ ಬರೋ ದವಡೆ ಹಲ್ಲು, ಹೋದ್ರೆ ಇನ್ನೊಂದು ಬರೋದಿಲ್ಲ ಅಂದರು. ತೂತು ಇನ್ನೂ ನರದವರೆಗೆ ಹೋಗಿಲ್ಲ, ಈಗ ತುಂಬಿಸಿದ್ರೆ ಉಳಿಯುತ್ತೆ, ತಡ ಮಾಡಿದ್ರೆ ಕೀಳಬೇಕಾಗುತ್ತೆ. ನಾನು ಫೀಸ್ ತಗೊಳ್ಳೋದಿಲ್ಲ, ಆದ್ರೆ ಅಪ್ಪ ಅಮ್ಮ ಒಪ್ಪದೆ ಕೈ ಹಾಕೋದಿಲ್ಲ ಅಂತಲೂ ಹೇಳಿದರು. ಒಪ್ಪಿಸೋದು ತಾನೇ, ನನಗೆ ಬಿಡಿ ಅಂದೆ. ಹಟಮಾರಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು, ಒಂದು ಹಲ್ಲು ತುಂಬಿಸೋಕಾಗಲ್ವಾ?

೧. ಬಿಡೋ ಮನೆಗೆ ಸುಣ್ಣ

ಮಾರನೇ ದಿನವೇ ಅಮ್ಮನಿಗೆ ಹೇಳಿ ಕಳಿಸಿದೆ. ಗಾರ್ಮೆಂಟ್ಸಿನ ಬಸ್ಸು ಬರೋಕೆ ಮುಂಚೆ, ಟಿಫಿನ್ ಬುಟ್ಟಿ ಹಿಡ್ಕೊಂಡೇ ಓಡಿ ಬಂದಳು ಪಾಪ. ಮಗಳ ಬಾಯಿ ತೆಗೆಸಿ ತೂತು ತೋರಿಸಿದೆ. ಅವಳಿಗೇನೂ ಗಾಬರಿ ಆಗಲಿಲ್ಲ. ಸಣ್ಣ ಮಕ್ಕಳ ಹಲ್ಲು ಬೀಳೋವೇ ಅಲ್ವಾ, ಅದಕ್ಕೆ ಡಾಕ್ಟ್ರು ಯಾಕೆ ಅನ್ನೋದು ಅವಳ ವಾದ.

"ಬಿಡೂ ಮನಿಗೆ ಯಾರರ ಸುಣ್ಣ ಹಚ್ಚತಾರೇನ್ರಿ ಅಕ್ಕೋರ?" ಅಂದಳು.

ಪೀಣ್ಯಕ್ಕೆ ಬಂದಾಗಿಂದ ಒಂದು ಬಾಡಿಗೆ ರೂಮಿನಿಂದ ಇನ್ನೊಂದಕ್ಕೆ ಸಾಮಾನು ಹೊತ್ತ ಹೆಂಗಸು, ಅವಳ ಲೆಕ್ಕ ಅವಳಿಗೆ ಸರಿಯೇ. ನಾನೂ ಅವಳ ದಾರಿಗೇ ಬಂದೆ. ನೋಡಮ್ಮ, ಮುಂದಿನವೆಲ್ಲ ಬಾಡಿಗೆ ಹಲ್ಲು, ಒಪ್ತೀನಿ, ಇವತ್ತಲ್ಲ ನಾಳೆ ಖಾಲಿ ಮಾಡ್ತಾವೆ. ಆದ್ರೆ ಹಿಂದಿನದು ಇದೆಯಲ್ಲ, ಇದು ಸ್ವಂತದ್ದು. ಇವಳು ಅಜ್ಜಿ ಆಗೋವರೆಗೂ ಇದರಲ್ಲೇ ಅಗೀಬೇಕು, ಅಂದೆ.

ಸ್ವಂತದ್ದು ಅಂದ ಕೂಡಲೇ ಅವಳ ಮುಖದ ಕಳೆಯೇ ಬೇರೆ ಆಯ್ತು. ಮಗಳ ಬಾಯಿಯನ್ನ ಇನ್ನೊಂದು ಸಲ ತೆಗೆಸಿ, ಬಗ್ಗಿ ನೋಡಿದಳು. ಗೆದ್ದೆ ಅಂದ್ಕೊಂಡೆ ನಾನು. ಅವಳು ಸೆರಗು ಸರಿಮಾಡ್ಕೊಂಡು ಗಂಭೀರವಾಗಿ ಹೇಳಿದಳು:

"ಸ್ವಂತದ್ದಂದ್ರ ಅವರಪ್ಪನ್ನ ಕೇಳಬೇಕ್ರಿ. ಆಸ್ತಿ ವಿಚಾರ ನಾ ಒಬ್ಬಾಕಿ ಹ್ಯಾಂಗ ಹೇಳ್ಲಿ?"

೨. ಅದಕ್ಕೂ ಹಲ್ಲೇ

ಅಪ್ಪ ಸಿಗೋವರೆಗೆ ಸುಮ್ಮನೆ ಕೂರೋದಾದ್ರೂ ಹೇಗೆ? ಇರೋ ಹಲ್ಲುಗಳನ್ನಾದ್ರೂ ಉಜ್ಜಿಸೋಣ ಅಂತ ಡಾಕ್ಟರಮ್ಮನ್ನ ಕಾಡಿ ಬೇಡಿ ಮಕ್ಕಳಿಗೆಲ್ಲ ಒಂದೊಂದು ಬ್ರಷ್ ಕೊಡಿಸಿದೆ. ಬೆಳಿಗ್ಗೆ ಒಂದ್ಸಲ, ರಾತ್ರಿ ಮಲಗೋ ಮುಂಚೆ ಒಂದ್ಸಲ ಅಂತ ಗಿಣಿಪಾಠ ಮಾಡಿಸಿ ಮನೆಗೆ ಕಳಿಸಿದೆ.

ಒಂದು ವಾರ ಬಿಟ್ಟು ವಿಚಾರಿಸಿದ್ರೆ ನನ್ನ ಪಿತ್ತ ನೆತ್ತಿಗೇರಿತು. ಒಬ್ಬನ ಬ್ರಷ್‌ನಲ್ಲಿ ಮಾವ ಮೀಸೆಗೆ ಬಣ್ಣ ಹಚ್ಕೊಂಡಿದ್ದಾನೆ. ಒಬ್ಬಳ ಮನೆಯಲ್ಲಿ ಆ ಒಂದು ಬ್ರಷ್ ಬಂದ ಖುಷಿಗೆ ಮನೆಮಂದಿಯೆಲ್ಲ ಸರದಿ ಮೇಲೆ ಉಜ್ಜಿದ್ದಾರೆ, ಅತಿಥಿಗಳೂ ಸೇರಿದಂತೆ. ನಮ್ಮ ಹುಡುಗಿಯನ್ನ ಕೇಳಿದೆ, ನಿನ್ನ ಬ್ರಷ್ ಎಲ್ಲಮ್ಮಾ ಅಂತ. ಕೆನ್ನೆ ಒತ್ಕೊಂಡು, ಅಪ್ಪ ವರ್ಕ್‌ಶಾಪಿಗೆ ಒಯ್ದಾರ ಅಂದಳು. ಕೆಲಸದ ಜಾಗದಲ್ಲಿ ಹಲ್ಲುಜ್ಜೋ ಶುಚಿ ಮನುಷ್ಯ ಇರಬೇಕು ಅಂತ ನನಗೆ ಒಳಗೊಳಗೇ ಗೌರವ ಹುಟ್ಟಿತು. ಅವಳು ಮುಂದುವರಿಸಿದಳು:

"ಮಷಿನ್ ಗೇರಿನ ಹಲ್ಲ ತಿಕ್ಕಾಕ್ರಿ. ಅದಕ್ಕೂ ಗ್ರೀಸ್ ಕುಂತು ಹಲ್ಲ ಕರ್ರಗಾಗ್ತಾವಂತ್ರಿ."

ಅವತ್ತೇ ತೀರ್ಮಾನ ಮಾಡಿದೆ. ಮನೆಗೆ ಹೋದ ಬ್ರಷ್ ಮನೆಯದಾಗುತ್ತೆ, ಶಾಲೆಯಲ್ಲಿ ಇದ್ದದ್ದು ಮಾತ್ರ ಮಕ್ಕಳದ್ದು. ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ, ಹೆಸರು ಬರೆದು ಹೊಸ ಬ್ರಷ್ ತೂಗುಹಾಕಿಸಿದೆ. ಬಿಸಿಯೂಟ ಆದಮೇಲೆ ಹೊಂಗೆ ಮರದ ಕೆಳಗೆ ಎಲ್ಲರೂ ಕುಕ್ಕರುಗಾಲಲ್ಲಿ ಕೂತು ಉಜ್ಜಬೇಕು, ನಾನೂ ಅವರ ಎದುರಿಗೆ ಕೂತು ಉಜ್ಜಬೇಕು. ಸ್ವಲ್ಪ ದಿನಕ್ಕೆ ಮಕ್ಕಳೇ ಮನೆಯಲ್ಲಿ ಅಪ್ಪ ಅಮ್ಮಂದಿರ ಬಾಯಿಗೆ ಮೂಗು ಹಿಡಿದು ನೋಡಿ, ಉಜ್ಜಿಲ್ಲ, ಹೋಗಿ ಉಜ್ಜಿ ಅಂತ ಗದರೋಕೆ ಶುರು ಮಾಡಿದರು. ನಮ್ಮ ಮನೆಯಲ್ಲಿ ಮರ್ಯಾದೇನೇ ಉಳಿದಿಲ್ಲ ಮಿಸ್ ಅಂತ ಒಬ್ಬ ಆಟೋ ಡ್ರೈವರು ಕಂಪ್ಲೇಂಟ್ ತಂದ. ಮರ್ಯಾದೆ ಹೋದ್ರೆ ಹೋಗ್ಲಿ, ಹಲ್ಲು ಉಳೀತಲ್ಲ ಅಂದೆ.

೩. ಹುಳದ ಮಾತ್ರೆ

ಇಷ್ಟರಲ್ಲಿ ಶಾಲೆಗೆ ಜಂತುಹುಳದ ಮಾತ್ರೆ ಬಂತು. ಎಲ್ಲ ಮಕ್ಕಳಿಗೂ ಕೊಟ್ಟು, ನನ್ನ ಕಣ್ಣೆದುರಿಗೇ ಅಗಿದು ನುಂಗಬೇಕು ಅಂತ ನಿಂತೆ. ಎಲ್ಲರೂ ಕಟಕಟ ಅಗಿದರು. ನಮ್ಮ ಹುಡುಗಿ ಮಾತ್ರ ಒಂದು ಕೆನ್ನೆ ಉಬ್ಬಿಸ್ಕೊಂಡು ಅಲ್ಲಾಡದೆ ಕೂತಿದ್ದಾಳೆ. ನುಂಗಮ್ಮ ಅಂದೆ. ಉಹೂಂ. ಬಾಯಿ ತೆಗೆಸಿ ನೋಡ್ತೀನಿ, ಮಾತ್ರೆಯನ್ನ ಸೀದಾ ಆ ತೂತು ಹಲ್ಲಿನ ಮೇಲೆ ನಾಲಿಗೆಯಿಂದ ಒತ್ತಿ ಹಿಡ್ಕೊಂಡಿದ್ದಾಳೆ.

ಯಾಕೆ ಅಂದ್ರೆ ಅವಳ ಉತ್ತರ ಕೇಳಿ. ನಾನೇ ಅವಳ ಹಲ್ಲನ್ನ ಹುಳುಕು ಹಲ್ಲು ಅಂದಿದ್ದೆನಂತೆ. ಹುಳ ಇರೋದು ಹಲ್ಲೊಳಗೆ, ಮಾತ್ರೆ ಹೊಟ್ಟೆಗೆ ಹೋದ್ರೆ ಅಲ್ಲಿಂದ ಮತ್ತೆ ಮೇಲಕ್ಕೆ ಹತ್ತಿ ಬರೋವಷ್ಟರಲ್ಲಿ ಹುಳ ತಪ್ಪಿಸ್ಕೊಳ್ಳುತ್ತಂತೆ. ನಗಬೇಕೋ ಅಳಬೇಕೋ ಹೇಳಿ.

ಅದು ಅಲ್ಲಿಗೇ ಮುಗೀಲಿಲ್ಲ. ಮಾರನೇ ದಿನ ಅಮ್ಮ ಬಂದು, ಶಾಲೆಯಲ್ಲಿ ಹುಳದ ಮಾತ್ರೆ ಕೊಟ್ಟಿದ್ದಕ್ಕೆ ಅವರಪ್ಪನಿಗೆ ಭಾಳ ಸಮಾಧಾನ ಆಗೈತಿ, ಹುಳ ಸಾಯೋವರೆಗೆ ನೋಡೋಣು, ಡಾಕ್ಟ್ರು ಯಾಕ ಅಂತಾರ ಅಂದಳು. ಅಯ್ಯೋ ಶಿವನೇ! ಇಲ್ಲದ ಹುಳ ಯಾವಾಗ ಸಾಯಬೇಕು, ಹಲ್ಲು ಯಾವಾಗ ಉಳೀಬೇಕು? ತಲೆ ಚಚ್ಕೊಂಡು ಕ್ಲಾಸಿಗೆ ಹೋಗಿ, ಹಲ್ಲಲ್ಲಿ ಯಾವ ಹುಳವೂ ಇರೋದಿಲ್ಲ, ತಿಂದ ಸಿಹಿ ಅಲ್ಲೇ ಅಂಟ್ಕೊಂಡು ಹುಳಿಯಾಗಿ ಹಲ್ಲನ್ನ ಕೊರೆಯುತ್ತೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, ಹಾಗಾದ್ರೆ ಹುಳುಕು ಅಂತ ಯಾಕಂತಾರೆ ಅಂತ ಕೇಳಿದ. ಕನ್ನಡ ಪಾಠ ಮಾಡೋಳೂ ನಾನೇ, ಎಲ್ಲಿಗೆ ಓಡಿ ಹೋಗ್ಲಿ? ಇನ್ಮೇಲೆ ಹುಳುಕು ಅನ್ನಬೇಡಿ, ತೂತು ಹಲ್ಲು ಅನ್ನಿ ಅಂತ ಹೇಳಿ ಕೈ ತೊಳ್ಕೊಂಡೆ.

ಸಂಜೆ ಮನೆಗೆ ಹೋಗೋವಾಗ ಇನ್ನೊಬ್ಬ ಹುಡುಗನ ಅಪ್ಪ ದಾರಿಯಲ್ಲಿ ಅಡ್ಡ ನಿಂತು, ಏನ್ ಮಿಸ್, ನಮ್ ಹುಡುಗಂಗೆ ತೂತಾಗಿದ್ಯಂತೆ, ಡಾಕ್ಟ್ರಿಗ್ಯಾಕೆ, ನಾನೇ ಒಂಚೂರು ಎಂ-ಸೀಲ್ ಹಾಕ್ಬಿಡ್ಲಾ ಅಂದ. ಅವನು ಪ್ಲಂಬರು.

೪. ಗೌಡರ ಮನೆ ಸಂಡಿಗೆ

ಹುಡುಗಿ ಈಗ ಊಟವನ್ನೂ ಒಂದೇ ಕಡೆ ಅಗಿಯೋಕೆ ಶುರು ಮಾಡಿದಳು. ಡಾಕ್ಟರಮ್ಮ ಇನ್ನೊಂದು ಸಲ ನೋಡಿ, ಮೇಡಂ, ತೂತು ದೊಡ್ಡದಾಗ್ತಾ ಇದೆ, ಬೇಗ ಕರ್ಕೊಂಬನ್ನಿ ಅಂದರು. ನನಗೆ ನಿಜವಾಗಿ ಭಯ ಆಯ್ತು. ಇವನ್ಯಾವ ದೊಡ್ಡ ಮನುಷ್ಯ ಕೈಗೇ ಸಿಗೋದಿಲ್ಲ ಅಂತ ನಾನೇ ಅವರ ರೂಮಿಗೆ ಹೊರಟೆ. ಎರಡು ಸಲ ಹೋದೆ. ಒಂದು ಸಲ ಡ್ಯೂಟಿಗೆ ಹೋಗಿದ್ದ. ಇನ್ನೊಂದು ಸಲ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ, ಎಬ್ಬಿಸೋಕೆ ಮನಸ್ಸು ಬರಲಿಲ್ಲ.

ವಾಪಸ್ ಬರೋವಾಗ ಆ ರೂಮುಗಳ ಓನರಮ್ಮ ನನ್ನ ದಾರಿ ಅಡ್ಡಗಟ್ಟಿದರು. ಮೂಲ ಊರಿನ ಗೌಡರ ಮನೆಯವರು. ರಾಗಿ ಹೊಲ ಇದ್ದ ಜಾಗದಲ್ಲಿ ಸಾಲಾಗಿ ರೂಮು ಕಟ್ಟಿಸಿ, ಮೇಲಿನ ಟೆರೇಸನ್ನ ಸ್ವಂತಕ್ಕೆ ಇಟ್ಕೊಂಡಿದ್ದರು. ಏನ್ ಮಿಸ್, ನಿಮ್ ಮಕ್ಳು ನಮ್ ಟೆರೇಸ್ ಮ್ಯಾಕೆ ಅಲ್ಲೆಸೀತವೆ ಅಂದರು. ಅಲ್ಲಿ ಏನನ್ನ ಎಸೀತಾರೆ ಅಂತ ನಾನು ಮೇಲೆ ಕೆಳಗೆ ನೋಡಿದೆ. ಆಮೇಲೆ ಗೊತ್ತಾಯ್ತು, ಅವರು ಹೇಳಿದ್ದು ಹಲ್ಲು.

ಬಿದ್ದ ಹಲ್ಲನ್ನ ಸಗಣಿ ಉಂಡೆಯಲ್ಲಿಟ್ಟು ಮನೆ ಮೇಲೆ ಎಸೆದ್ರೆ ಹೊಸ ಹಲ್ಲು ಚೆನ್ನಾಗಿ ಬರುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ಪದ್ಧತಿ. ಪೀಣ್ಯದಲ್ಲಿ ಸಗಣಿ ಎಲ್ಲಿಂದ ಬರಬೇಕು? ರೂಮುಗಳ ಹೆಂಗಸರು ಬುದ್ಧಿ ಉಪಯೋಗಿಸಿ ರೊಟ್ಟಿ ಬಡಿಯೋವಾಗ ಮಕ್ಕಳ ಕೈಗೆ ಒಂದು ಚೂರು ಜೋಳದ ಹಿಟ್ಟು ಕೊಟ್ಟಿದ್ದಾರೆ. ಮಕ್ಕಳು ಹಲ್ಲನ್ನ ಹಿಟ್ಟಲ್ಲಿ ಸುತ್ತಿ ಟೆರೇಸಿಗೆ ಎಸೆದಿದ್ದಾರೆ. ಟೆರೇಸಿನ ಮೇಲೆ ಓನರಮ್ಮ ಸಂಡಿಗೆ ಒಣಹಾಕಿದ್ದಾರೆ. ಇನ್ನು ನಾನೇನು ಬಿಡಿಸಿ ಹೇಳೋದು? ಬಿಸಿಲಿಗೆ ಒಣಗಿದ ಮೇಲೆ ಯಾವುದು ಸಂಡಿಗೆ, ಯಾವುದು ಹಲ್ಲು, ಒಂದೂ ಗೊತ್ತಾಗೋದಿಲ್ಲ. ಎಲ್ಲ ಬಾಚಿ ಡಬ್ಬಕ್ಕೆ ತುಂಬಿಸಿ, ಹಬ್ಬದ ದಿನ ಎಣ್ಣೆಗೆ ಬಿಟ್ಟು, ಗೌಡರ ಎಲೆಗೆ ಬಡಿಸಿದ್ದಾರೆ.

ಗೌಡರು ಕಡಿದರು, ಕಟಕ್ ಅಂತು. ಅಯ್ಯೋ ನನ್ನ ಹಲ್ಲೇ ಮುರೀತಲ್ಲೇ ಅಂತ ಕೈಗೆ ಉಗುಳಿಕೊಂಡು ಬೊಬ್ಬೆ ಹಾಕಿದರು. ಕನ್ನಡಿ ತರಿಸಿ ಬಾಯಲ್ಲಿರೋದನ್ನೆಲ್ಲ ನೋಡ್ಕೊಂಡರು. ಎಲ್ಲವೂ ಜಾಗದಲ್ಲೇ ಇದ್ದವು.

"ಎಲ್ಲಾ ಬಾಯಾಗೇ ಅವೆ, ಕೈಯಾಗೂ ಒಂದೈತೆ," ಅಂದರು ಓನರಮ್ಮ. "ಅದೆಲ್ಲಿಂದ ಬಂತು ಅಂತ ಎದ್ರುಕೊಂಡು ಆ ಮನುಷ್ಯ ಇವತ್ತಿಗೂ ಗಂಜಿ ಬಿಟ್ಟು ಬ್ಯಾರೆ ಏನೂ ಮುಟ್ಟಾಕಿಲ್ಲ."

ನಗು ತಡೆಯೋಕೆ ತುಟಿ ಕಚ್ಕೊಂಡು, ಅಲ್ಲೇ ಒಂದು ಒಪ್ಪಂದಕ್ಕೆ ಬಂದೆ. ಇನ್ಮೇಲೆ ಬಿದ್ದ ಹಲ್ಲೆಲ್ಲ ಶಾಲೆಗೆ ಬರಲಿ, ನಾನೇ ನಿಂತು ಶಾಲೆ ಹಂಚಿನ ಮೇಲೆ ಎಸೆಸ್ತೀನಿ, ನಿಮ್ಮ ಟೆರೇಸಿಗೆ ಒಂದೂ ಬರದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನನ್ನದು. ಬದಲಿಗೆ ಆ ಹುಡುಗಿಯ ಅಪ್ಪನನ್ನ ಅವನ ರಜೆ ದಿನ ಶಾಲೆಗೆ ಕಳಿಸೋ ಜವಾಬ್ದಾರಿ ನಿಮ್ಮದು ಅಂದೆ. ಅದ್ಯಾವ ಮಹಾ ಕೆಲಸ, ನೀರಿನ ವಾಲ್ವು ನನ್ ಕೈಯಾಗೈತೆ ಅಂದರು.

ಆಗೆಲ್ಲ ಫ್ಯಾಕ್ಟರಿ ಲೈನಿಗೆ ಕರೆಂಟ್ ತೆಗೆಯೋ ದಿನವೇ ಅವನ ವರ್ಕ್‌ಶಾಪಿಗೆ ರಜೆ. ಆ ಬೆಳಿಗ್ಗೆ ಓನರಮ್ಮ ಸಾಲು ರೂಮಿಗೆಲ್ಲ ನೀರು ನಿಲ್ಲಿಸಿ, ಈತ ಮಿಸ್ಸನ್ನ ನೋಡಿ ಬಂದ ಮೇಲೇ ಬಿಡೋದು ಅಂದುಬಿಟ್ಟಿದ್ದಾರೆ. ನಾನು ಪ್ರಾರ್ಥನೆ ಮುಗಿಸಿ ತಿರುಗಿ ನೋಡಿದೆ. ಗೇಟಿನಲ್ಲಿ ಅಪ್ಪ ನಿಂತಿದ್ದ, ಒಂದು ಕೆನ್ನೆ ಬೋಳಿಸಿದೆ, ಇನ್ನೊಂದು ಕೆನ್ನೆಯಲ್ಲಿ ಸೋಪಿನ ನೊರೆ ಒಣಗಿದೆ. ಅವನೆಲ್ಲಿ ವಾಪಸ್ ಓಡಿ ಹೋಗ್ತಾನೋ ಅಂತ ಹಿಂದೆ ಖಾಲಿ ಕೊಡ, ಬಕೆಟ್ಟು ಹಿಡಿದು ಇಡೀ ವಠಾರವೇ ಬಂದು ನಿಂತಿತ್ತು.

೫. ಜಾಬ್

ಒಳಗೆ ಕರೆದು ಕೂರಿಸಿ, ಎಷ್ಟು ದಿನದಿಂದ ಕಾಯಿಸ್ತಾ ಇದ್ದೀಯಪ್ಪ, ಮಗಳ ಹಲ್ಲು ಹಾಳಾಗೋದು ನಿನಗೆ ಬೇಕಾ ಅಂತ ಗಟ್ಟಿಯಾಗೇ ಕೇಳಿದೆ. ಆ ಮನುಷ್ಯ ಕೈ ಮುಗಿದ. ಔಷಧ ಹಾಕ್ರಿ, ಮಾತ್ರಿ ಕೊಡ್ರಿ, ಬೇಕಂದ್ರ ಸೂಜಿ ಚುಚ್ರಿ, ಡ್ರಿಲ್ ಮಾತ್ರ ಬ್ಯಾಡ್ರಿ ಅಂದ. ಹಲ್ಲು ತುಂಬಿಸೋ ಮುಂಚೆ ಡ್ರಿಲ್ ಹಾಕಿ ಕೊರೀತಾರೆ ಅಂತ ಯಾರೋ ಜೊತೆಯವರು ಅವನಿಗೆ ಹೇಳಿದ್ದರಂತೆ.

ಆಮೇಲೆ ಅವನ ಮೆಷಿನ್ನಿನ ಕಥೆ ಬಂತು. ಕೊರೆಯೋಕೆ ಇಟ್ಟ ಕಬ್ಬಿಣದ ತುಂಡಿಗೆ ಅವರು ಜಾಬ್ ಅಂತಾರೆ, ಅದು ಅಳ್ಳಾಡಿ ತೂತು ಸೊಟ್ಟಗಾದ್ರೆ ರಿಜೆಕ್ಟ್. ಬಿಟ್ಟು, ಅಂದ್ರೆ ಕೊರೆಯೋ ಮೊನೆ, ಅದರೊಳಗೆ ಇಳಿದ ಕೂಡಲೇ ಹೊಗೆ ಏಳುತ್ತೆ, ಕಾದ ಚೂರು ಸಿಡಿಯುತ್ತೆ. ಅಂಗಿ ತೋಳು ಮೇಲಕ್ಕೆ ಸರಿಸಿ ತೋರಿಸಿದ, ಮುಂಗೈ ತುಂಬ ಸುಟ್ಟ ಚುಕ್ಕೆಗಳು.

"ಕಬ್ಬಣಾನ ತಡಕೊಳ್ಳಂಗಿಲ್ರಿ ಅಕ್ಕೋರ," ಅಂದ. "ನನ್ನ ಕೂಸಿನ ಬಾಯಾಗ ಹ್ಯಾಂಗ ಹಚ್ಚಾಕ ಬಿಡ್ಲಿ?"

ಇಷ್ಟು ದಿನ ಅಸಡ್ಡೆ ಅಂತ ಬೈದದ್ದು ಬರೀ ಹೆದರಿಕೆ, ಅದೂ ಮಗಳ ಮೇಲಿನ ಪ್ರೀತಿಯ ಹೆದರಿಕೆ. ಆದ್ರೆ ನನ್ನದೂ ಹಟವೇ. ಬೇಡ ಅನ್ನೋದಾದ್ರೆ ಬೇಡ, ಮೆಷಿನ್ ಒಂದ್ಸಲ ಕಣ್ಣಾರೆ ನೋಡಿ ಆಮೇಲೆ ಬೇಡ ಅನ್ನು, ಅಂತ ಹೇಳಿ ಅಪ್ಪ ಮಗಳಿಬ್ಬರನ್ನೂ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಬಕೆಟ್ಟು ಹಿಡಿದ ವಠಾರವೂ ಹಿಂದೆಯೇ ಬಂದು ಬಾಗಿಲಾಚೆ ನಿಂತಿತು.

ಅಲ್ಲಿ ಅವನು ರೋಗಿ ಕಡೆಯವನ ಹಾಗೆ ಕೂರಲಿಲ್ಲ, ಇನ್‌ಸ್ಪೆಕ್ಷನ್ನಿಗೆ ಬಂದವನ ಹಾಗೆ ನಿಂತ. ಬಿಟ್ಟು ಮುಟ್ಟಿ ನೋಡಿದ, ಪೈಪು ಹಿಡಿದು ನೋಡಿದ, ಕೆಳಗೆ ಬಗ್ಗಿ ಪೆಡಲ್ಲು ನೋಡಿದ. ಇದಕ್ಕ ಕೂಲೆಂಟ್ ಎಲ್ಲೈತ್ರಿ ಅಂತ ಕೇಳಿದ. ಡಾಕ್ಟರಮ್ಮ ನನ್ನ ಮುಖ ನೋಡಿದರು. ಅವರ ಮೆಷಿನ್ನಿನಲ್ಲಿ ಬಿಟ್ಟು ಕಾಯದ ಹಾಗೆ ಮೇಲಿಂದ ಒಂದು ಥರದ ನೀರು ಬಿಡ್ತಾರೆ, ಅದನ್ನ ಕೇಳ್ತಿದ್ದಾನೆ ಅಂದೆ. ಡಾಕ್ಟರಮ್ಮ ನಕ್ಕು ಪೆಡಲ್ ಒತ್ತಿದರು. ಬಿಟ್ಟಿನ ಬಾಯಿಂದಲೇ ತಣ್ಣಗಿನ ನೀರು ಚಿಮ್ಮಿ, ಬಗ್ಗಿ ನಿಂತಿದ್ದವನ ಮುಖಕ್ಕೆ ಹೊಡೆದು, ಉಳಿದಿದ್ದ ಸೋಪಿನ ನೊರೆಯನ್ನೆಲ್ಲ ತೊಳೆದುಬಿಟ್ಟಿತು. ಅವನು ಅಂಗಿಯಲ್ಲಿ ಮುಖ ಒರೆಸ್ಕೊಂಡು, ಹಿಂಗಿದ್ರ ಹಚ್ರಿ ಅಂದ.

ಹುಡುಗಿ ಕುರ್ಚಿ ಹತ್ತಿ ಬಾಯಿ ತೆರೆದಳು. ಅಪ್ಪ ಅವಳ ಎರಡೂ ಪಾದ ಹಿಡ್ಕೊಂಡು ಕಣ್ಣು ಮುಚ್ಚಿ ನಿಂತ. ಮೆಷಿನ್ನು ಗುಯ್ ಅಂದಷ್ಟು ಹೊತ್ತೂ ಅವನ ತುಟಿ ಏನೋ ದೇವರ ಹೆಸರು ಹೇಳ್ತಿತ್ತು, ಮಗಳು ಮಾತ್ರ ಮಿಸುಕಲಿಲ್ಲ. ತುಂಬಿಸಿದ್ದಾಯ್ತು. ಡಾಕ್ಟರಮ್ಮ ಒಂದು ಲೋಟ ತಣ್ಣೀರು ಕೊಟ್ಟು ಕುಡಿ ಅಂದರು. ಹೆದರ್ಕೊಂಡೇ ಒಂದು ಗುಟುಕು ಕುಡಿದಳು. ಕಾದಳು. ಇನ್ನೊಂದು ಗುಟುಕು ಕುಡಿದಳು. ಜುಂ ಅನ್ನಂಗಿಲ್ರಿ ಅಕ್ಕೋರ, ಅಂದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳ್ಲಿ.

ಅಪ್ಪನಿಗಂತೂ ಸ್ವರ್ಗವೇ ಸಿಕ್ಕ ಹಾಗಾಯ್ತು. ಇಷ್ಟಗಲ ಬಾಯಿ ತೆರೆದು ನಕ್ಕ. ಅಲ್ಲೇ ಕೆಟ್ಟದ್ದು ನೋಡಿ. ಡಾಕ್ಟರಮ್ಮನ ಟಾರ್ಚು ಇನ್ನೂ ಉರೀತಾ ಇತ್ತು, ನಕ್ಕ ಬಾಯಿಯ ಕೊನೆಯಲ್ಲಿ ಒಂದು ಕರೀ ಹಲ್ಲು ಕಂಡೇಬಿಡ್ತು. ನೀವೂ ಕೂತ್ಕೊಳ್ಳಿ ಅಂದರು. ಅವನು ಡ್ಯೂಟಿಗೆ ಹೊತ್ತಾಯ್ತು ಅಂದ. ಇವತ್ತು ಫ್ಯಾಕ್ಟರಿ ಲೈನಿಗೆ ಕರೆಂಟಿಲ್ಲವಲ್ಲ ಅಂದೆ ನಾನು. ಮನೆಯಲ್ಲಿ ನೀರು ಹಿಡೀಬೇಕು ಅಂದ. ಹೊರಗೆ ಕಾಯ್ತಿದ್ದ ಬಕೆಟ್ಟುಗಳಲ್ಲಿ ಒಂದು, ನಿಂದು ನಾ ಹಿಡೀತೀನಿ, ಕೂಡು ಮಾರಾಯ ಅಂತ ಕೂಗಿತು. ಬೇರೆ ದಾರಿ ಇಲ್ಲದೆ ಕೂತ.

ಬಿಟ್ಟು ಹಲ್ಲಿಗೆ ತಾಗಿದ್ದೇ ತಡ, ಆಳು ಕುರ್ಚಿಯಲ್ಲಿ ಅರ್ಧ ಎದ್ದ. ತಲೆ ಒಂದು ಸಲ ಗೋಡೆ ಕಡೆ, ಒಂದು ಸಲ ಬಾಗಿಲ ಕಡೆ. ಕಾಲು ಝಾಡಿಸಿದ್ದಕ್ಕೆ ಸಾಮಾನಿನ ತಟ್ಟೆ ಠಣ್ ಅಂತ ಕೆಳಗೆ ಬಿತ್ತು. ಡಾಕ್ಟರಮ್ಮ ಕೈ ಮೇಲೆತ್ತಿ, ಇವರನ್ನ ಹಿಡಿಯೋರು ಯಾರಾದ್ರೂ ಬನ್ನಿ ಅಂದರು. ನಾವ್ಯಾರೂ ಮುಂದೆ ಹೋಗೋ ಮುಂಚೆ ಆ ಹುಡುಗಿ ಸ್ಟೂಲಿನ ಮೇಲೆ ಹತ್ತಿ ನಿಂತು, ಅಪ್ಪನ ಗದ್ದವನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ದಸರಾದಿಂದ ನಾನು ಕೇಳೇ ಇರದ ಗಂಟಲಲ್ಲಿ, ರಸ್ತೆಯ ಆಚೆ ಬದಿಗೂ ಕೇಳೋ ಹಾಗೆ ಕೂಗಿದಳು:

"ಅಪ್ಪಾ, ಅಳ್ಳಾಡಬ್ಯಾಡ! ಜಾಬ್ ರಿಜೆಕ್ಟ್ ಆಗ್ತೈತಿ!"